ಕಾಯಿ ಹಣ್ಣಾಗದ ಆಟಗಳು

ನೇರವಾಗಿ ಹೇಳಿಬಿಡ್ತೀನಿ. ನಿಮ್ಮ ಫೋನಿನಲ್ಲಿರುವ ಫ್ರೀ ಗೇಮ್‌ಗಳಲ್ಲಿ ಹೆಚ್ಚಿನವು ಗೇಮ್‌ಗಳೇ ಅಲ್ಲ. ಅವು ಅಂಗಡಿಗಳು. ಜಾತ್ರೆಯಲ್ಲಿ ಅಂಗಡಿಯವನು ಮಕ್ಕಳನ್ನ ನಿಲ್ಲಿಸಿಕೊಳ್ಳೋಕೆ ಬಾಗಿಲಲ್ಲೊಂದು ಗಿರಗಿಟ್ಲೆ ತಿರುಗಿಸ್ತಾ ಇರ್ತಾನಲ್ಲ, ನೀವು ಆಟ ಅಂದ್ಕೊಂಡಿರೋದು ಆ ಗಿರಗಿಟ್ಲೆಯನ್ನ.

ಈ ಮಾತು ಹೇಳ್ತಿರೋನು ಗೇಮ್ ದ್ವೇಷಿಯಲ್ಲ. ಮದುವೆ ಮನೆಗೆ ಹೋದಾಗೆಲ್ಲ "ಇಷ್ಟು ವಯಸ್ಸಾಯ್ತು, ಇನ್ನೂ ಗೇಮ್ ಆಡ್ತೀಯೇನೋ" ಅಂತ ಬೈಸಿಕೊಳ್ಳುವವನು. ಬೈಯೋ ಚಿಕ್ಕಪ್ಪ ಬೈತಾ ಬೈತಾನೇ ರೀಲ್ಸ್ ತಳ್ತಿರ್ತಾರೆ, ಆ ವಿಷಯ ಬೇರೆ. ಅವರ ಪ್ರಕಾರ ಎಲ್ಲ ಗೇಮೂ ಹಾಳು. ಇತ್ತ ನನ್ನ ಆಫೀಸಿನ ಗೆಳೆಯರ ಪ್ರಕಾರ ಎಲ್ಲ ಗೇಮೂ "ಜಸ್ಟ್ ಟೈಮ್‌ಪಾಸ್ ಮಗಾ". ಇಬ್ಬರೂ ಮಾಡೋ ತಪ್ಪು ಒಂದೇ. ಕಾಳು ಜೊಳ್ಳು ಎರಡನ್ನೂ ಒಂದೇ ಮೂಟೆಗೆ ತುಂಬ್ತಾರೆ.

ಕೇರೋದಕ್ಕೆ ನನ್ನ ಹತ್ತಿರ ಒಂದು ಮೊರ ಇದೆ. ಮುಳಬಾಗಿಲು ಕಡೆಯ ನಮ್ಮೂರಿನದು. ಜಗಲಿ ಮೇಲೆ ಇದ್ದಿಲಲ್ಲಿ ಬರೆದ ಚೌಕಾಬಾರದ ಮನೆ. ಐದು ಅಡ್ಡ, ಐದು ಉದ್ದ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತು ಮುಗಿಸಿ, ಎದುರಾಳಿಯ ಒಂದು ಕಾಯನ್ನಾದರೂ ಕಡಿದು, ಒಳಸುತ್ತು ಹತ್ತಿ, ನಟ್ಟನಡುವಿನ ಮನೆ ಸೇರಿದರೆ ಆ ಕಾಯಿ 'ಹಣ್ಣಾಯ್ತು'. ನಾಲ್ಕೂ ಹಣ್ಣಾದರೆ ಆಟ ಮುಗೀತು, ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕು. ಕವಡೆ ಸರಿಯಾಗಿ ಬೀಳಲಿಲ್ಲವಾ, ಹಣೆಬರಹ ಅಂತ ಬೈಕೊಂಡು ಕೂರಬೇಕು. "ಐದು ರೂಪಾಯಿ ಕೊಡು, ಬಾರ ಬೀಳಿಸ್ತೀನಿ" ಅನ್ನೋ ಕವಡೆ ನಮ್ಮೂರಲ್ಲಿರಲಿಲ್ಲ.

ಇಷ್ಟೇ ನನ್ನ ಅಳತೆಗೋಲು. ಆಟ ಹಣ್ಣಾಗಬೇಕು. ಸೋತರೆ ಆ ಸೋಲು ನನ್ನದಾಗಿರಬೇಕು, ಗೆದ್ದರೆ ಆ ಗೆಲುವು ನನ್ನ ಕಾರ್ಡಿನದಾಗಿರಬಾರದು.

"ಹಾಗಾದ್ರೆ ಟೆಟ್ರಿಸ್? ಅದಕ್ಕೆ ಕೊನೆಯೇ ಇಲ್ವಲ್ಲ" ಅಂತ ಕೇಳೋರಿದ್ದಾರೆ. ಒಳ್ಳೆ ಪ್ರಶ್ನೆ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಮಾಡಿದ ಆ ಆಟದಲ್ಲಿ ಗೆಲುವು ಅನ್ನೋದೇ ಇಲ್ಲ, ಯಾವತ್ತಿದ್ದರೂ ಸೋಲೇ. ಆದರೆ ಟೆಟ್ರಿಸ್ ಆ ಸೋಲನ್ನ ಮುಚ್ಚಿಡೋದಿಲ್ಲ. ಉದ್ದನೆಯ ಕಡ್ಡಿ ಬೇಕಾದಾಗ ಬರಲ್ಲ, ಆದರೆ ಅದನ್ನ ನಿಮಗೆ ಮಾರೋಕೂ ಬರಲ್ಲ. ಇನ್ನೂ ಸ್ವಾರಸ್ಯ ಅಂದ್ರೆ, 2023ರ ಡಿಸೆಂಬರಿನಲ್ಲಿ ಅಮೆರಿಕದ ಹದಿಮೂರು ವರ್ಷದ ಹುಡುಗನೊಬ್ಬ 1989ರ ನಿಂಟೆಂಡೋ ಟೆಟ್ರಿಸನ್ನ 157ನೇ ಲೆವೆಲ್ಲಿನ ತನಕ ಆಡಿದ, ಪ್ರೋಗ್ರಾಮೇ ಕೈಚೆಲ್ಲಿ ನಿಂತುಹೋಯ್ತು. ಕೊನೆಯೇ ಇಲ್ಲ ಅಂದ್ಕೊಂಡಿದ್ದ ಆಟವನ್ನ ಮೂವತ್ತನಾಲ್ಕು ವರ್ಷ ಆದ ಮೇಲೆ ಒಂದು ಮಗು ಹಣ್ಣು ಮಾಡಿತು.

ಇದನ್ನ ಕ್ಯಾಂಡಿ ಕ್ರಷ್ ಪಕ್ಕದಲ್ಲಿಟ್ಟು ನೋಡಿ. 2012ರಲ್ಲಿ ಬಂದ ಗೇಮು, ಇವತ್ತಿಗೂ ಮೆಟ್ರೋದಲ್ಲಿ ಯಾರದ್ದಾದರೂ ಕೈಯಲ್ಲಿ ಮಿನುಗ್ತಾ ಇರ್ತದೆ. ಐದು ಜೀವ ಕೊಡ್ತಾರೆ. ಹೋದ ಒಂದು ಜೀವ ವಾಪಸ್ ಬರೋಕೆ ಅರ್ಧ ಗಂಟೆ. ಕಾಯೋಕೆ ಆಗಲ್ವಾ? ದುಡ್ಡು ಕೊಡಿ. ಲೆವೆಲ್ ದಾಟೋಕೆ ಎರಡೇ ಎರಡು ನಡೆ ಸಾಲದೇ ಬಂತಾ? ಅದನ್ನೂ ಕೊಳ್ಳಬಹುದು. ಮೊದಲು ತೊಂದರೆ ಕಟ್ಟೋದು, ಆಮೇಲೆ ಆ ತೊಂದರೆಯಿಂದ ಬಿಡುಗಡೆಯನ್ನ ಮಾರೋದು. ಈ ವ್ಯಾಪಾರ ಮಾಡಿದ ಕಿಂಗ್ ಕಂಪನಿಯನ್ನ 2016ರಲ್ಲಿ ಆಕ್ಟಿವಿಷನ್ ಬ್ಲಿಜಾರ್ಡ್ 590 ಕೋಟಿ ಡಾಲರ್ ಕೊಟ್ಟು ಕೊಂಡಿತು. ಮಿಠಾಯಿ ಜೋಡಿಸೋ ಆಟಕ್ಕೆ ಯಾರೂ ಅಷ್ಟು ಕೊಡಲ್ಲ. ಕೊಟ್ಟಿದ್ದು ನಮ್ಮ ಚಡಪಡಿಕೆಗೆ.

ಇನ್ನು ಬೇಸಾಯದ ಗೇಮ್‌ಗಳು. ಇದರ ಬಗ್ಗೆ ಮಾತಾಡೋಕೆ ನನಗೆ ಹುಟ್ಟಿನಿಂದ ಬಂದ ಹಕ್ಕಿದೆ. 2009ರಲ್ಲಿ ಫೇಸ್‌ಬುಕ್ಕಿಗೆ ಫಾರ್ಮ್‌ವಿಲ್ ಬಂದಾಗ ಇಡೀ ಬೆಂಗಳೂರು ರೈತನಾಯ್ತು. ಬಿತ್ತಿ ಇಷ್ಟು ಗಂಟೆಯೊಳಗೆ ವಾಪಸ್ ಬರಲಿಲ್ಲ ಅಂದ್ರೆ ಬೆಳೆ ಬಾಡಿಹೋಗೋದು. ಗಡಿಯಾರ ಇಟ್ಕೊಂಡು ಕೊಯ್ಲು ಮಾಡೋದು ಯಾವ ಬೇಸಾಯ ಸ್ವಾಮಿ? ಅದು ಸಾಲಗಾರನ ಮನೆ ಮುಂದೆ ಕೂತ ಬಡ್ಡಿಯವನ ಬುದ್ಧಿ. 2020ರ ಡಿಸೆಂಬರ್ 31ಕ್ಕೆ ಅದು ಮುಚ್ಚಿತು. ಅಷ್ಟು ಜನರ ಅಷ್ಟು ಹೊಲ ಒಂದೇ ರಾತ್ರಿಗೆ ಬಯಲಾಯ್ತು. ಅಳೋಕೆ ಯಾರೂ ಇರಲಿಲ್ಲ, ಯಾಕಂದ್ರೆ ಆ ಹೊಲವನ್ನ ಯಾರೂ ಪ್ರೀತಿಸಿರಲಿಲ್ಲ.

ಸ್ಟಾರ್‌ಡ್ಯೂ ವ್ಯಾಲಿ ಬೇರೆ ಜಾತಿಯ ಬೀಜ. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ತಾನೇ ಮಾಡಿ, ನಾಲ್ಕು ವರ್ಷಕ್ಕೂ ಹೆಚ್ಚು ದುಡಿದು 2016ರಲ್ಲಿ ಬಿಟ್ಟ. ಅದರ ಮೇಲೂ ನನ್ನ ತಕರಾರಿದೆ. ಅದರಲ್ಲಿ ಟೊಮ್ಯಾಟೊ ಹನ್ನೊಂದು ದಿನಕ್ಕೆ ಬರ್ತದೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ ಕೀಳ್ತಾ ಇರಬಹುದು. ಸಾಧಾರಣ ಹಣ್ಣಿಗೆ ರೇಟು 60. ಒಂದು ಹಾಕಿ, ಸಾವಿರ ಹಾಕಿ, ಅದೇ 60. ಮನೆ ಮುಂದಿನ ಪೆಟ್ಟಿಗೆಗೆ ಸುರಿದು ಮಲಗಿದ್ರೆ ಬೆಳಗ್ಗೆ ದುಡ್ಡು. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿ ಬಾಕ್ಸು 2023ರ ಜುಲೈಯಲ್ಲಿ ಎರಡು ಸಾವಿರ ದಾಟಿದ್ದನ್ನೂ ಕಂಡಿದ್ದೀನಿ, ಕಿತ್ತ ಕೂಲಿ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದಿದ್ದನ್ನೂ ಕಂಡಿದ್ದೀನಿ. ಅಮ್ಮ ಒಂದ್ಸಲ ನನ್ನ ಲ್ಯಾಪ್‌ಟಾಪ್ ಬಗ್ಗಿ ನೋಡಿ ಕೇಳಿದ್ದು ಎರಡೇ ಪ್ರಶ್ನೆ: "ಇದಕ್ಕೆ ಔಷಧಿ ಹೊಡೆಯಲ್ವೇನೋ? ಮಂಡಿಯವರು ಎಲ್ಲಿ?" ಈ ಗೇಮಿನ ವಿಮರ್ಶೆ ಅದಕ್ಕಿಂತ ಚೆನ್ನಾಗಿ ನನಗೆ ಬರೆಯೋಕಾಗಲ್ಲ.

ಆದರೂ ಅದರ ಪರವಾಗಿ ನಿಲ್ತೀನಿ. ಬೇಸಾಯದ ಬಗ್ಗೆ ಅದು ಸುಳ್ಳು ಹೇಳ್ತದೆ, ಆದರೆ ಆಡೋನ ಹತ್ತಿರ ಮೋಸ ಮಾಡಲ್ಲ. ಒಂದ್ಸಲ ಕೊಂಡರೆ ಮುಗೀತು. 2024ರಲ್ಲಿ ಬಂದ ದೊಡ್ಡ ಅಪ್‌ಡೇಟನ್ನೂ ಬಿಟ್ಟಿಯಾಗೇ ಕೊಟ್ಟ. ನೀವು ಒಂದು ತಿಂಗಳು ತೆರೆಯದೇ ಇದ್ದರೂ ನಿಮ್ಮ ಹೊಲ ನೀವು ಬಿಟ್ಟ ಹಾಗೇ ಇರ್ತದೆ. ಫಾರ್ಮ್‌ವಿಲ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಒಂದೇ ಕಂಪನಿ ಎರಡೂ ಥರ ಆಗಬಹುದು ಅನ್ನೋದಕ್ಕೆ ಇಎ ಸಾಕ್ಷಿ. ಅವರ ಕ್ರಿಕೆಟ್ 07 ನೆನಪಿದೆಯಲ್ಲ? ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಮೆಸ್ಸಿನ ಸಾಂಬಾರಿಗಿಂತ ಹೆಚ್ಚು ಜನರನ್ನ ಒಟ್ಟು ಸೇರಿಸಿದ ಗೇಮು. ಆಟಗಾರರ ಮುಖಗಳು ಹಿಟ್ಟಿನ ಗೊಂಬೆ ಥರ, ಕಾಮೆಂಟರಿ ಹೇಳಿದ್ದನ್ನೇ ಹೇಳ್ತದೆ. ಅದಾದ ಮೇಲೆ ಇಎ ಕ್ರಿಕೆಟ್ ಸಹವಾಸವನ್ನೇ ಬಿಟ್ಟಿತು. ಆದರೆ ಅಭಿಮಾನಿಗಳು ಬಿಡಲಿಲ್ಲ. ಇವತ್ತಿಗೂ ಯಾರೋ ಹುಡುಗರು ಕೂತು ಹೊಸ ಜೆರ್ಸಿ, ಹೊಸ ಐಪಿಎಲ್ ತಂಡ, ಹೊಸ ಸ್ಟೇಡಿಯಂ ಸೇರಿಸಿ ಅದನ್ನ ಬದುಕಿಸಿಟ್ಟಿದ್ದಾರೆ. ಯಾಕೆ ಸಾಧ್ಯ ಆಯ್ತು ಅಂದ್ರೆ ಆ ಗೇಮು ನಮ್ಮ ಕಂಪ್ಯೂಟರಿನಲ್ಲಿತ್ತು, ಅವರ ಸರ್ವರಿನಲ್ಲಲ್ಲ.

ಅದೇ ಇಎಯ ಫಿಫಾದಲ್ಲಿ 'ಅಲ್ಟಿಮೇಟ್ ಟೀಮ್' ಅಂತ ಒಂದಿತ್ತು. ಪ್ಯಾಕ್ ಕೊಳ್ಳಬೇಕಿತ್ತು, ಒಳಗೆ ಯಾವ ಆಟಗಾರ ಬರ್ತಾನೋ ದೇವರಿಗೇ ಗೊತ್ತಿತ್ತು. ಮುಂದಿನ ವರ್ಷದ ಗೇಮು ಬಂದಾಗ ನೀವು ಕಟ್ಟಿದ ತಂಡ ಹಳೇ ಗೇಮಿನಲ್ಲೇ ಉಳೀತಿತ್ತು, ಮತ್ತೆ ಸೊನ್ನೆಯಿಂದ ಶುರು. 2018ರಲ್ಲಿ ಬೆಲ್ಜಿಯಂನ ಗೇಮಿಂಗ್ ಆಯೋಗ ಇಂಥ ಪೆಟ್ಟಿಗೆಗಳು ಜೂಜು ಅಂತ ಹೇಳಿತು, 2019ರಲ್ಲಿ ಇಎ ಆ ದೇಶದಲ್ಲಿ ಫಿಫಾ ಪಾಯಿಂಟ್ಸ್ ಮಾರೋದನ್ನ ನಿಲ್ಲಿಸಿತು. ಪಾಯಿಂಟ್ಸ್ ಇಲ್ಲದೆಯೂ ಅಲ್ಲಿನವರು ಫುಟ್‌ಬಾಲ್ ಆಡ್ತಾನೇ ಇದ್ದರು. ಅಂದ್ರೆ ಜೂಜು ತೆಗೆದರೂ ಆಟ ಉಳೀತದೆ. ಹಾಗಾದ್ರೆ ಅದನ್ನ ಸೇರಿಸಿದ್ದು ಯಾರಿಗಾಗಿ?

ಯೂಬಿಸಾಫ್ಟ್ ಇನ್ನೊಂದು ಹೆಜ್ಜೆ ಮುಂದೆ. 2018ರ ಅಸಾಸಿನ್ಸ್ ಕ್ರೀಡ್ ಒಡಿಸ್ಸಿ ಪ್ರಾಚೀನ ಗ್ರೀಸನ್ನ ಕಣ್ಣಿಗೆ ಹಬ್ಬದ ಹಾಗೆ ಕಟ್ಟಿದೆ, ಒಪ್ಪೋಣ. ಆದರೆ ಬೇಗ ಬೇಗ ಲೆವೆಲ್ ಏರೋಕೆ ಒಂದು ಬೂಸ್ಟರನ್ನ ಬೇರೆ ದುಡ್ಡಿಗೆ ಮಾರಿದರು. ಯೋಚನೆ ಮಾಡಿ, ಪೂರ್ತಿ ದುಡ್ಡು ಕೊಟ್ಟು ಕೊಂಡ ಗೇಮನ್ನ ಕಡಿಮೆ ಆಡೋಕೆ ಇನ್ನಷ್ಟು ದುಡ್ಡು! ಊಟ ಬಡಿಸಿದೋನೇ "ಇಷ್ಟೆಲ್ಲ ತಿನ್ನೋದು ಬೇಡ ಅಂದ್ರೆ ಎಕ್ಸ್‌ಟ್ರಾ ಕೊಡಿ" ಅಂದ ಹಾಗೆ. ಅವರದ್ದೇ ಇನ್ನೊಂದು ಗೇಮು ದಿ ಕ್ರ್ಯೂ. 2014ರಲ್ಲಿ ಮಾರಿ, 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದರು. ಒಬ್ಬರೇ ಕೂತು ಆಡೋಕೂ ಆಗಲ್ಲ. ಕ್ರಿಕೆಟ್ 07 ಇನ್ನೂ ಉಸಿರಾಡ್ತಿದೆ, ಅದಕ್ಕಿಂತ ಚಿಕ್ಕ ವಯಸ್ಸಿನ ಈ ಗೇಮು ಸತ್ತಿದೆ. ಇದು ಮುಪ್ಪಿನ ಸಾವಲ್ಲ.

ಇದಕ್ಕೆಲ್ಲ ಎದುರಾಗಿ ನಿಂತಿರೋ ಗೇಮ್‌ಗಳ ಹೆಸರನ್ನೂ ಹೇಳಬೇಕು. 2011ರ ಡಾರ್ಕ್ ಸೋಲ್ಸ್ ಇಂದ 2022ರ ಎಲ್ಡನ್ ರಿಂಗ್ ತನಕ ಹಿದೆಟಾಕ ಮಿಯಾಜಾಕಿ ತಂಡದ ಗೇಮ್‌ಗಳು ನಿಮ್ಮನ್ನ ಹುರಿದು ಹಾಕ್ತವೆ. ಹೆಜ್ಜೆ ಹೆಜ್ಜೆಗೂ ಸಾವು. ಆದರೆ ಸತ್ತ ಜಾಗದಲ್ಲಿ ಯಾರೂ ಅಂಗಡಿ ಇಟ್ಟಿರಲ್ಲ. ಕೋಟ್ಯಧಿಪತಿಯ ಮಗನೂ ಅದೇ ರಾಕ್ಷಸನ ಕೈಲಿ ಅಷ್ಟೇ ಸಲ ಸಾಯಬೇಕು. ಇಷ್ಟು ಸಮಾನತೆ ನಮ್ಮ ಕಾಲೇಜ್ ಅಡ್ಮಿಷನ್ನಿನಲ್ಲೂ ಇರಲಿಲ್ಲ. 2007ರ ಪೋರ್ಟಲ್ ಒಂದು ಸಂಜೆಗೆ ಮುಗಿಯೋ ಗೇಮು. ಮೂರ್ನಾಲ್ಕು ಗಂಟೆಯಲ್ಲಿ ಅದು ಕಲಿಸುವಷ್ಟು ಒಗಟನ್ನ ನೂರು ಗಂಟೆಯ ಓಪನ್ ವರ್ಲ್ಡ್ ಗೇಮು ಕಲಿಸಲ್ಲ. ಮತ್ತೆ 2013ರ ಪೇಪರ್ಸ್, ಪ್ಲೀಸ್. ಗಡಿ ಚೌಕಿಯಲ್ಲಿ ಕೂತು ಪಾಸ್‌ಪೋರ್ಟಿಗೆ ಠಸ್ಸೆ ಹೊಡೆಯೋ ಗುಮಾಸ್ತನ ಆಟ. ರೂಲ್ಸ್ ಪ್ರಕಾರ ನಡೆದ್ರೆ ಎದುರಿಗಿರೋ ಮನುಷ್ಯ ಹಾಳು, ದಯೆ ತೋರಿಸಿದ್ರೆ ನನ್ನ ಸಂಬಳ ಕಟ್, ಮನೆಯಲ್ಲಿ ಹೆಂಡತಿ ಮಗ ಚಳಿಯಲ್ಲಿ. ಆಫೀಸಿಗೆ ಹೋಗುವ ಎಲ್ಲರೂ ಒಂದ್ಸಲ ಆಡಬೇಕು.

ಇಲ್ಲಿ ನನ್ನ ವಿರುದ್ಧ ಒಂದು ಗಟ್ಟಿ ವಾದ ಇದೆ. "ನಿನ್ನ ಹತ್ತಿರ ಗೇಮಿಂಗ್ ಲ್ಯಾಪ್‌ಟಾಪ್ ಇದೆ, ಮೂರು ಸಾವಿರದ ಗೇಮ್ ಕೊಳ್ತೀಯ. ಊರಿನ ಹುಡುಗರು ಏನು ಮಾಡಬೇಕು? ಫ್ರೀ ಇದ್ದಿದ್ದಕ್ಕೇ ಅಲ್ವಾ ಅವರೂ ಆಡಿದ್ದು?" ನಿಜ. ಸಾಧಾರಣ ಫೋನಿನಲ್ಲಿ ಪಬ್‌ಜಿ ಆಡ್ತಾ ನಮ್ಮೂರ ಅರಳಿಕಟ್ಟೆ ಮೇಲೆ ಕೂತ ಹುಡುಗರನ್ನ ಕಂಡು ನನಗೆ ಖುಷಿಯೇ ಆಗಿತ್ತು. ಪಬ್‌ಜಿಯಾಗಲಿ, ಅದು 2020ರಲ್ಲಿ ನಿಷೇಧ ಆದ ಮೇಲೆ ಬಂದ ಬಿಜಿಎಂಐ ಆಗಲಿ, ಆಟವಾಗಿ ಚೆನ್ನಾಗೇ ಇದೆ. ನೂರು ಜನ ಇಳೀತಾರೆ, ವೃತ್ತ ಕಿರಿದಾಗ್ತಾ ಬರ್ತದೆ, ಅರ್ಧ ಗಂಟೆಯೊಳಗೆ ಹಣ್ಣು ಇಲ್ಲವೇ ಮಣ್ಣು. ಅಂಗಿ ಪ್ಯಾಂಟ್ ಮಾರ್ತೀರಾ, ಬೆಲೆ ಚೀಟಿ ಅಂಟಿಸಿ ಮಾರಿ, ನನ್ನದೇನೂ ಅಭ್ಯಂತರ ಇಲ್ಲ. ಒಳಗೇನಿದೆ ಅಂತ ಹೇಳದ ಪೆಟ್ಟಿಗೆಯನ್ನ ಹದಿನಾಲ್ಕು ವರ್ಷದ ಹುಡುಗನಿಗೆ ಮಾರೋದಕ್ಕೆ ಮಾತ್ರ ನನ್ನ ವಿರೋಧ. ಬಡವರ ಹೆಸರು ಹೇಳಿ ಅದನ್ನ ಸಮರ್ಥಿಸಬೇಡಿ. ಫ್ರೀ ಅಂತ ಒಳಗೆ ಕರೆದು ಜೇಬು ತಡಕೋದು ಬಡವರಿಗೆ ಮಾಡೋ ಉಪಕಾರ ಅಲ್ಲ.

ಈ ದಾರಿ ಎಲ್ಲಿಗೆ ಮುಟ್ಟುತ್ತೆ ಅಂತ ನಮ್ಮ ಮನೇಲೇ ನೋಡಿದೆ. ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ಚಿಕ್ಕೋನು. ಬೆಳೆ ಸಾಲದ ದುಡ್ಡಲ್ಲಿ ಎರಡು ಲಕ್ಷ ಚಿಲ್ಲರೆ ಒಂದು ರಮ್ಮಿ ಆ್ಯಪಿಗೆ ಹೋಯ್ತು. ಆ್ಯಪಿನ ಹೆಸರು ಬೇಡ. ದೊಡ್ಡಪ್ಪ ಬೈಯಲಿಲ್ಲ, "ನೀನು ಇಂಥದ್ದನ್ನೇ ಅಲ್ವೇನಪ್ಪ ಬೆಂಗಳೂರಲ್ಲಿ ಮಾಡೋದು?" ಅಂತ ನನ್ನನ್ನ ಕೇಳಿದರು. ನಾನು ಮಾಡೋದು ಬ್ಯಾಂಕಿಂಗ್ ಸಾಫ್ಟ್‌ವೇರ್. ಆದರೆ ಅವರ ಪ್ರಶ್ನೆಯಲ್ಲಿ ತಪ್ಪೇನಿತ್ತು? ಆ ಆ್ಯಪನ್ನ ನನ್ನಂಥ ಬಿಇ ಓದಿದ ಯಾರೋ ಬರೆದಿರೋದು ತಾನೇ.

ಕರ್ನಾಟಕ 2021ರಲ್ಲಿ ಇಂಥವಕ್ಕೆ ಕಾನೂನು ತಂದಿತ್ತು, ಅದರ ಮುಖ್ಯ ಅಂಶಗಳನ್ನ 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ಪಾಸ್ ಮಾಡಿತು. ಒಳ್ಳೇದು. ಆದರೆ ದುಡ್ಡು ಕಟ್ಟಿ ದುಡ್ಡು ಗೆಲ್ಲೋದು ಮಾತ್ರ ಜೂಜು, ದುಡ್ಡು ಕಟ್ಟಿ ಬಣ್ಣದ ಬಂದೂಕು ಗೆಲ್ಲೋದು ಮಜಾ ಅನ್ನೋದು ಯಾವ ನ್ಯಾಯ? ರಮ್ಮಿ ಆ್ಯಪ್ ದುಡ್ಡು ಕಿತ್ತುಕೊಳ್ತದೆ. ಈ ಪೆಟ್ಟಿಗೆಗಳು ಅದಕ್ಕೂ ಮುಂಚೆ, ಹುಡುಗ ಇನ್ನೂ ಮೀಸೆ ಮೂಡದಿರೋವಾಗಲೇ, ಪೆಟ್ಟಿಗೆ ತೆರೆಯೋ ಆ ಒಂದು ಕ್ಷಣದ ರುಚಿ ಹತ್ತಿಸ್ತವೆ.

ಅದಕ್ಕೇ ಈ ಬರಹ ಚಿಕ್ಕಪ್ಪಂದಿರಿಗಲ್ಲ, ನಿಮಗೆ. ಇದನ್ನ ಓದ್ತಿರೋ ನಿಮ್ಮಲ್ಲಿ ಯಾರೋ ಒಬ್ಬರ ಮುಂದಿನ ಸ್ಪ್ರಿಂಟಿನಲ್ಲಿ ಒಂದು ಟಿಕೆಟ್ ಇರ್ತದೆ: ಮೂರು ಸಲ ಸೋತವನಿಗೆ ಆಫರ್ ತೋರಿಸು, ಎರಡು ದಿನ ಬರದವನಿಗೆ ನಿನ್ನ ಬಹುಮಾನ ಹೋಗ್ತಿದೆ ಅಂತ ನೋಟಿಫಿಕೇಶನ್ ಕಳಿಸು. ಅದಕ್ಕೆ 'ರಿಟೆನ್ಷನ್' ಅಂತ ಚೆಂದದ ಹೆಸರು ಬೇರೆ. ಕೆಲಸ ಬಿಡಿ ಅಂತ ನಾನು ಹೇಳಲ್ಲ, ಇಎಂಐ ನನಗೂ ಇದೆ. ಮೀಟಿಂಗಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: "ಈ ಆಟವನ್ನ ಆಡಿದೋನು ಯಾವಾಗ ಎದ್ದು ಹೋಗಬಹುದು?" ಉತ್ತರ ಕೊಡೋಕೆ ಆಗದೆ ಎಲ್ಲರೂ ಮುಖ ಮುಖ ನೋಡಿಕೊಂಡರೆ, ನೀವು ಮಾಡ್ತಿರೋದು ಆಟ ಅಲ್ಲ, ಬಲೆ.

ಮತ್ತೆ ಈ ಶನಿವಾರ ಏನಾದರೂ ಆಡಬೇಕು ಅನ್ನಿಸಿದ್ರೆ ಪೋರ್ಟಲ್ ಕೊಂಡು ಆಡಿ. ರಾತ್ರಿ ಊಟದ ಹೊತ್ತಿಗೆ ಮುಗಿದಿರ್ತದೆ.