ಫೋನ್ ಬ್ಯಾಟರಿಯ ಸಾಮರ್ಥ್ಯ ಶೇ 80ಕ್ಕೆ ಇಳಿದರೆ ಬದಲಿಸಬೇಕೇ?

ಪರ: ಅರಕಲಗೂಡು ತಾಲ್ಲೂಕಿನ ಒಬ್ಬ ರೈತ ಮಹಿಳೆ

ಹೋದ ಮಾಗಿಯಲ್ಲಿ ಒಂದು ಬೆಳಗ್ಗೆ ಹೊಲದ ಬದುವಿನ ಮೇಲೆ ನಿಂತು ಬೆಳೆ ಸಮೀಕ್ಷೆ ಆ್ಯಪ್ ತೆರೆದೆ. ಸರ್ವೆ ನಂಬರ್ ಆರಿಸಿ, ಜಿಪಿಎಸ್ ಹಿಡಿಯುವ ತನಕ ಕಾದು, ಫೋಟೊ ತೆಗೆಯಲು ಕ್ಯಾಮೆರಾ ಎತ್ತಿದೆ. ಶೇ 27 ಚಾರ್ಜ್ ತೋರಿಸುತ್ತಿದ್ದ ಫೋನು ಹಾಗೇ ಆಫ್ ಆಯಿತು. ಮನೆಗೆ ಬಂದು ಚಾರ್ಜರ್ ಸಿಕ್ಕಿಸಿದರೆ ಮತ್ತೆ ಅದೇ ಶೇ 27!

ಲಿಥಿಯಂ-ಅಯಾನ್ ಬ್ಯಾಟರಿಗೆ ವಯಸ್ಸಾದಂತೆ ಒಳಗಿನ ರೋಧ ಏರುತ್ತದೆ, ಚಳಿಯಲ್ಲಿ ಇನ್ನಷ್ಟು. ಕ್ಯಾಮೆರಾ, ಜಿಪಿಎಸ್, ನೆಟ್ ಒಟ್ಟಿಗೆ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಫೋನ್ ಆಫ್ ಆಗುತ್ತದೆ. ಹೀಗಾಗದಿರಲೆಂದು ಆಪಲ್ ಹಳೆಯ ಐಫೋನ್‌ಗಳ ವೇಗವನ್ನೇ ತಗ್ಗಿಸಿತ್ತು. ಅದು ಹೊರಬಿದ್ದು, 2017ರ ಡಿಸೆಂಬರಿನಲ್ಲಿ ಕ್ಷಮೆ ಕೇಳಿ, ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು.

ಮೋಟರ್ ಆನ್ ಮಾಡಲು, ಒಟಿಪಿಗೆ, ಆಲೂಗಡ್ಡೆ ರೇಟು ಕೇಳಲು ನನಗೆ ಇರುವುದು ಇದೊಂದೇ ಫೋನು. ಕುಳ ಸವೆದರೆ ನಮ್ಮಪ್ಪ ಮಳೆ ಬೀಳುವ ಮೊದಲೇ ಕುಲುಮೆಗೆ ಒಯ್ದು ತಟ್ಟಿಸುತ್ತಿದ್ದರು. ಉಳುಮೆಯ ದಿನ ಯಾರೂ ಕುಲುಮೆ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಶೇ 80 ಕಂಡರೆ ಬದಲಿಸಿಬಿಡಿ.

ವಿರೋಧ: ಹಾಸನದ ಒಬ್ಬ ಮೊಬೈಲ್ ರಿಪೇರಿಯವರು

ಹೊಳೆನರಸೀಪುರದಿಂದ ಬಸ್ ಹತ್ತಿ ಬಂದವರು, "ಅಣ್ಣ, ಎಂಬತ್ತಕ್ಕೆ ಬಂದಿದೆ, ಹೊಸದು ಹಾಕ್ಬಿಡಿ" ಅಂತಾರೆ. ದಿನಪೂರ್ತಿ ಬರುತ್ತಾ ಎಂದು ಕೇಳುತ್ತೇನೆ. ಬರುತ್ತೆ ಅಂದರೆ ವಾಪಸ್ ಕಳಿಸುತ್ತೇನೆ. ನನಗೆ ವ್ಯಾಪಾರ ಬೇಡವೆಂದಲ್ಲ. 5,000 ಎಂಎಎಚ್ ಬ್ಯಾಟರಿ ಶೇ 80ಕ್ಕೆ ಇಳಿದರೂ 4,000 ಉಳಿದಿರುತ್ತದೆ. ಕೆಲವೇ ವರ್ಷದ ಹಿಂದೆ ಹೊಸ ಫೋನಿನಲ್ಲೇ ಅಷ್ಟಿದ್ದರೆ ಹೆಚ್ಚು. ಶೇ 80 ಎಂಬುದು ಬಾಳಿಕೆ ಅಳೆಯಲು ಹಾಕಿಕೊಂಡ ಗೆರೆ, ಅಷ್ಟೇ. ಐಫೋನ್ 14ರವರೆಗಿನವಕ್ಕೆ 500 ಸುತ್ತು, 15ರಿಂದ ಈಚಿನವಕ್ಕೆ 1,000 ಸುತ್ತು ಚಾರ್ಜ್ ಆದ ಮೇಲೂ ಅಷ್ಟು ಉಳಿಯಬೇಕೆಂಬುದು ಆಪಲ್ ಇಟ್ಟುಕೊಂಡ ಲೆಕ್ಕ.

ಬಿಚ್ಚುವುದೂ ಸುಲಭವಲ್ಲ. ಹಿಂಬದಿಯ ಅಂಟನ್ನು ಬಿಸಿ ಮಾಡಿ ಎಬ್ಬಿಸಬೇಕು. ಎಷ್ಟು ನಾಜೂಕಾಗಿ ಮತ್ತೆ ಅಂಟಿಸಿದರೂ ನೀರು ತಡೆಯುವ ಶಕ್ತಿ ಮೊದಲಿನಂತೆ ಇರುತ್ತದೆಂದು ನಾನು ಮಾತು ಕೊಡಲಾರೆ. ಮೇಲಾಗಿ ಕಂಪನಿ ಹೆಸರಿನ ಸ್ಟಿಕರ್ ಹೊತ್ತ ನಕಲಿ ಬ್ಯಾಟರಿಗಳ ಕಾಟ. ಚೆನ್ನಾಗಿರುವ ಅಸಲಿಯನ್ನು ತೆಗೆದು ಆರು ತಿಂಗಳಿಗೆ ಸೋಲುವ ನಕಲಿ ಹಾಕಿಸಿಕೊಂಡವರನ್ನು ನೋಡಿ ಹೊಟ್ಟೆ ಉರಿದಿದೆ. ಹಾಕಿಸಲೇಬೇಕಾದರೆ ಬಿಐಎಸ್ ಗುರುತು ನೋಡಿ, ಬಿಲ್ ಕೇಳಿ. ಅದಕ್ಕೂ ಮೊದಲು, ದಿಂಬಿನಡಿ ಚಾರ್ಜ್ ಹಾಕುವುದನ್ನೂ ಬಿಸಿಲಲ್ಲಿ ಟ್ರ್ಯಾಕ್ಟರ್ ಬಾನೆಟ್ ಮೇಲೆ ಫೋನ್ ಇಡುವುದನ್ನೂ ಬಿಡಿ. ಬ್ಯಾಟರಿಯನ್ನು ಬೇಗ ಮುದಿಯಾಗಿಸುವುದು ಬಿಸಿ.

ಬದುವಿನ ಮೇಲೆ ಆಫ್ ಆದ ಆ ಅಕ್ಕನ ಫೋನಿಗೆ ನಾನೂ ಹೊಸ ಬ್ಯಾಟರಿಯನ್ನೇ ಹಾಕುತ್ತಿದ್ದೆ. ಕೆಲಸದ ಹೊತ್ತಿಗೆ ಕೈಕೊಟ್ಟ ಮೇಲೆ ಶೇಕಡಾ ಲೆಕ್ಕ ಯಾಕೆ?

ಇನ್ನೊಂದು ಸಂದರ್ಭದಲ್ಲಂತೂ ಒಂದು ದಿನವೂ ಕಾಯಬಾರದು. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ರಬ್ಬರ್ ಬ್ಯಾಂಡ್ ಸುತ್ತಿದ ಫೋನ್ ತಂದರು. ಬ್ಯಾಂಡ್ ತೆಗೆದರೆ ಹಿಂಬದಿ ಬಾಯಿಬಿಟ್ಟಿತ್ತು, ಒಳಗೆ ಬ್ಯಾಟರಿ ಹಪ್ಪಳದಂತೆ ಉಬ್ಬಿತ್ತು. ಎರಡು ವಾರದಿಂದ ಹಾಗೇ ಚಾರ್ಜ್ ಹಾಕುತ್ತಿದ್ದರಂತೆ. ಒಳಗೆ ಗ್ಯಾಸ್ ತುಂಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು. ಉಬ್ಬಿದ್ದು ಕಂಡರೆ ಫೋನ್ ಆಫ್ ಮಾಡಿ, ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ತೆಗೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ, ಮನೆಕಸದ ಜೊತೆ ಸೇರಿಸದೆ ಬೇರೆ ಇಡಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮವೇ ಹೇಳುತ್ತದೆ.