ಪ್ರೊಫೈಲ್ ತೊಳೆಯೋದಲ್ಲ, ಲೆಕ್ಕ ಇಡೋದು

ಪೇಪರ್ ಕನಸು | ಕಂತು 6

ಪತ್ರಕರ್ತ ಆಗ್ಬೇಕು ಅಂದ ತಕ್ಷಣ ಎಲ್ಲರೂ ಕೊಡೋ ಸಲಹೆ ಒಂದೇ. ಹಳೇ ಪೋಸ್ಟ್ ಡಿಲೀಟ್ ಮಾಡು, ಯಾವುದಕ್ಕೂ ಅಭಿಪ್ರಾಯ ಹೇಳ್ಬೇಡ, ಪ್ರೊಫೈಲ್ ನೀಟಾಗಿರ್ಲಿ. ಈ ಸಲಹೆ ಅರ್ಧ ಮಾತ್ರ ಸರಿ ಅನ್ನೋದು ನನ್ನ ವಾದ.

ಭಯಕ್ಕೆ ಕಾರಣ ಇದೆ, ಇಲ್ಲ ಅನ್ನಲ್ಲ. 2021ರಲ್ಲಿ ಅಮೆರಿಕದ ಅಲೆಕ್ಸಿ ಮೆಕ್‌ಕ್ಯಾಮಂಡ್ 'ಟೀನ್ ವೋಗ್' ಸಂಪಾದಕಿಯಾಗಿ ನೇಮಕವಾದ್ರು. 2011ರಲ್ಲಿ, ಹದಿಹರೆಯದಲ್ಲಿ, ಏಷ್ಯನ್ನರನ್ನ ಹೀಯಾಳಿಸಿ ಹಾಕಿದ್ದ ಟ್ವೀಟ್‌ಗಳು ಮತ್ತೆ ಎದ್ದು ಬಂದ್ವು. ಕೆಲಸ ಶುರು ಮಾಡೋ ಮೊದಲೇ ಬಿಡಬೇಕಾಯ್ತು. ಗಮನಿಸಿ, ಆ ಟ್ವೀಟ್‌ಗಳನ್ನ ಅವರು 2019ರಲ್ಲೇ ಡಿಲೀಟ್ ಮಾಡಿದ್ರು. ಸ್ಕ್ರೀನ್‌ಶಾಟ್ ಉಳಿದಿತ್ತು.

ನಮ್ಮ ದೇಶದ್ದೇ ನೋಡಿ. 'ಆಲ್ಟ್ ನ್ಯೂಸ್'ನ ಮೊಹಮ್ಮದ್ ಜುಬೈರ್ 2022ರ ಜೂನ್‌ನಲ್ಲಿ ಬಂಧನವಾಗಿದ್ದು 2018ರ ಒಂದು ಟ್ವೀಟ್‌ಗೆ. ಅದರಲ್ಲಿದ್ದದ್ದು 1983ರ ಹಿಂದಿ ಸಿನಿಮಾದ ದೃಶ್ಯ. ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಡ್ತು. ಟ್ವೀಟ್ ಮಾಡದಂತೆ ಷರತ್ತು ಹಾಕಿ ಅಂತ ಸರ್ಕಾರದ ಕಡೆಯಿಂದ ಕೇಳಿದಾಗ ಕೋರ್ಟ್ ಒಪ್ಪಲಿಲ್ಲ.

ಅಂದ್ರೆ ಅಳಿಸಿದ್ರೂ ಅಳಿಯಲ್ಲ, ತಪ್ಪಿಲ್ಲದ್ದೂ ಎದ್ದು ಬರಬಹುದು. ಹಾಗಾದ್ರೆ ಏನ್ ಮಾಡೋದು?

ಬಿಕಾಂ ಓದೋರಿಗೆ ಉತ್ತರ ಮೊದಲ ಸೆಮ್‌ನಲ್ಲೇ ಸಿಗುತ್ತೆ. ಲೆಡ್ಜರ್‌ನಲ್ಲಿ ತಪ್ಪಾದ್ರೆ ವೈಟ್ನರ್ ಹಚ್ಚಲ್ಲ, ರೆಕ್ಟಿಫಿಕೇಶನ್ ಎಂಟ್ರಿ ಹಾಕ್ತೀವಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಕೂಡ ಕಡ್ಡಾಯ. ಯಾವ ಎಂಟ್ರಿ ಯಾವಾಗ ಬದಲಾಯ್ತು ಅಂತ ದಾಖಲಾಗುತ್ತೆ, ಅದನ್ನ ಆಫ್ ಮಾಡೋ ಹಾಗಿಲ್ಲ. ಪತ್ರಕರ್ತ ಆಗೋರ ಪ್ರೊಫೈಲ್‌ಗೂ ಇದೇ ನಿಯಮ ಇರ್ಲಿ.

✍🏽 ಹಾಕಿದ ಮಾಹಿತಿ ತಪ್ಪು ಅಂತ ಗೊತ್ತಾದ್ರೆ ಸದ್ದಿಲ್ಲದೆ ತೆಗೀಬೇಡಿ. ಅದೇ ಪೋಸ್ಟ್ ಮೇಲೆ ತಾರೀಖು ಹಾಕಿ, ಏನು ತಪ್ಪು, ಏನು ಸರಿ ಅಂತ ಬರೀರಿ.

✍🏽 ಕಣ್ಣಾರೆ ನೋಡಿದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು, ವಾಟ್ಸಾಪಲ್ಲಿ ಬಂದಿದ್ದು ಯಾವುದು, ಬೇರೆ ಬೇರೆಯಾಗಿ ಹೇಳಿ.

✍🏽 ಯಾವುದಾದ್ರೂ ಸಂಘಟನೆ, ಪಕ್ಷದ ಜೊತೆ ಇದ್ರೆ ಮುಚ್ಚಿಡಬೇಡಿ. ಅದರ ಸುದ್ದಿ ಬರೆಯೋ ಕೆಲಸ ಬಂದಾಗ ಮೊದಲೇ ಹೇಳಿ, ಬೇರೆಯವರಿಗೆ ಬಿಟ್ಟುಕೊಡಿ.

✍🏽 ಡಿಲೀಟ್ ಮಾಡಲೇಬೇಕಾದ್ದೂ ಇದೆ: ಕೇಳದೆ ಹಾಕಿದ ಗೆಳೆಯರ ಫೋಟೋ, ಯಾರದೋ ಫೋನ್ ನಂಬರ್, ನಿಮ್ಮ ಹತ್ರ ನಂಬಿ ಮಾತಾಡಿದವರ ಊರು-ಮನೆ ಗೊತ್ತಾಗೋ ಲೊಕೇಶನ್. ಅದು ನಿಮ್ಮ ಇಮೇಜ್ ಪ್ರಶ್ನೆ ಅಲ್ಲ, ಅವರ ಸುರಕ್ಷತೆ.

ಇಷ್ಟೆಲ್ಲಾ ಮಾಡಿದ್ರೆ ಕೆಲಸ ಗ್ಯಾರಂಟಿನಾ? ಇಲ್ಲ. ಮೆಕ್‌ಕ್ಯಾಮಂಡ್ ಕ್ಷಮೆನೂ ಕೇಳಿದ್ರು, ಕೆಲಸ ಉಳೀಲಿಲ್ಲ. ಎಚ್‌ಆರ್ ಒಬ್ಬರನ್ನ ಮೆಚ್ಚಿಸೋಕೆ ಮಾತ್ರ ಆದ್ರೆ ಖಾಲಿ ಪ್ರೊಫೈಲೇ ಸೇಫ್ ಇರಬಹುದು. ಆದರೆ ನಾಳೆ ನಮ್ಮ ಹೆಸರಿನ ಕೆಳಗೆ ಬಂದ ಸುದ್ದಿಯನ್ನ ಓದುಗರು ನಂಬಬೇಕಲ್ವಾ? ಏನೂ ಹೇಳದೆ ಇದ್ದವರನ್ನ ನಂಬೋದಕ್ಕಿಂತ, ತಪ್ಪಾದಾಗ ತಿದ್ದಿಕೊಂಡವರನ್ನ ನಂಬೋದು ಸುಲಭ. ಊರಲ್ಲಿ ಅಂಗಡಿಯವರ ಲೆಕ್ಕವನ್ನ ನಂಬೋದೂ ಹೀಗೇ: ತಪ್ಪೇ ಆಗಿಲ್ಲ ಅಂತಲ್ಲ, ಕೇಳಿದ್ರೆ ಪುಸ್ತಕ ತೆಗೆದು ತೋರಿಸ್ತಾರೆ ಅಂತ.

ನಿಮ್ಮ ಪ್ರೊಫೈಲ್ ಯಾರಾದ್ರೂ ಇವತ್ತು ಆಡಿಟ್ ಮಾಡಿದ್ರೆ ಏನು ಸಿಗುತ್ತೆ? ಹೇಳಿ, ಮಾತಾಡೋಣ. 👇🏽

#ಪೇಪರ್ಕನಸು #ಪತ್ರಿಕೋದ್ಯಮ #ಕನ್ನಡ