ಜರ್ಮನಿ: ಕೆಲಸ ಹೋದಾಗ ಭತ್ಯೆ ಉಳಿಸಿಕೊಂಡು ಓದಬಹುದೇ?

ಜರ್ಮನಿಯಲ್ಲಿರುವ ಮಗನ ಕೆಲಸ ಹೋಯಿತೆಂದು ಫೋನ್ ಬಂದರೆ ಊರಿನಲ್ಲಿರುವ ನಾವು ಥಟ್ಟನೆ ಹೇಳುವುದು ಎರಡೇ ಮಾತು: 'ವಾಪಸ್ ಬಂದುಬಿಡು', ಇಲ್ಲವೇ 'ಸುಮ್ಮನೆ ಕೂರುವ ಬದಲು ಏನಾದರೂ ಓದು'. ಓದುವ ಅವಕಾಶ ಅಲ್ಲಿ ನಿಜಕ್ಕೂ ಇದೆ. ಆದರೆ ಯಾವ ಓದು ಎಂಬುದರ ಮೇಲೆ ಭತ್ಯೆ ನಿಂತಿದೆ.

ಕಳೆದ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ನಿರುದ್ಯೋಗ ವಿಮೆಯ ವಂತಿಗೆ ಕಟ್ಟಿದವರಿಗೆ ನಿವ್ವಳ ಸಂಬಳದ ಸುಮಾರು ಶೇ 60, ಮಕ್ಕಳಿದ್ದರೆ ಶೇ 67ರಷ್ಟು ಭತ್ಯೆ ಸಿಗುತ್ತದೆ. ತರಬೇತಿ ಅಗತ್ಯವೆಂದು ಉದ್ಯೋಗ ಕಚೇರಿ ಒಪ್ಪಿ 'ಶಿಕ್ಷಣ ವೋಚರ್' ಕೊಟ್ಟರೆ ಶುಲ್ಕವನ್ನು ಅದೇ ಭರಿಸುತ್ತದೆ, ಭತ್ಯೆಯೂ ಮುಂದುವರಿಯುತ್ತದೆ. ತರಬೇತಿಯ ಎರಡು ದಿನಕ್ಕೆ ಭತ್ಯೆಯ ಅವಧಿಯಲ್ಲಿ ಒಂದೇ ದಿನ ಕಳೆಯುತ್ತದೆ. ಮಾನ್ಯ ವೃತ್ತಿ ಅರ್ಹತೆ ನೀಡುವ ಕೋರ್ಸ್ ಆದರೆ, 2023ರ ಜುಲೈನಿಂದ ತಿಂಗಳಿಗೆ 150 ಯೂರೊ ಹೆಚ್ಚುವರಿಯಾಗಿ ಸಿಗುತ್ತಿದೆ.

ಕಚೇರಿಯನ್ನು ಕೇಳದೆ ವಿಶ್ವವಿದ್ಯಾಲಯಕ್ಕೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದರೆ ಕಥೆಯೇ ಬೇರೆ. ವಿದ್ಯಾರ್ಥಿ ಕೆಲಸಕ್ಕೆ ಸಿಗುವವನಲ್ಲ ಎಂದು ಭಾವಿಸಿ ಸಾಮಾನ್ಯವಾಗಿ ಭತ್ಯೆ ನಿಲ್ಲಿಸುತ್ತಾರೆ. ಸ್ನಾತಕೋತ್ತರ ಪದವಿಯಿಂದಲೂ ಒಳ್ಳೆಯ ಕೆಲಸ ಸಿಗಬಹುದಾದ್ದರಿಂದ ಈ ನಿಯಮ ಬಿಗಿಯಾಯಿತೆಂದೇ ನಮ್ಮ ಅಭಿಪ್ರಾಯ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಭತ್ಯೆ ಬರುತ್ತಿದೆ ಎಂದ ಮಾತ್ರಕ್ಕೆ ವಾಸದ ಪರವಾನಗಿ ಭದ್ರವೆಂದಲ್ಲ. ಉದ್ಯೋಗಕ್ಕಾಗಿ ಪರವಾನಗಿ ಪಡೆದವರು ಕೆಲಸ ಹೋದ ವಿಷಯವನ್ನು ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಲೇಬೇಕು.

ಹಾಗಾಗಿ ಮುಂದಿನ ಫೋನಿನಲ್ಲಿ ನಾವು ಮೊದಲು ಕೇಳಬೇಕಾದದ್ದು: 'ಎರಡೂ ಕಚೇರಿಗೆ ತಿಳಿಸಿದೆಯಾ? ವೋಚರ್ ವಿಚಾರಿಸಿದೆಯಾ?'